ಓದುಗರ ಪ್ರಶ್ನೆ: ಕಡಲನ್ನು ಕಾಯುವವರು ಯಾರು?

ಪ್ರಶ್ನೆ: ಅಭಿವೃದ್ಧಿಶೀಲ ದೇಶಗಳಲ್ಲಿ ಕರಾವಳಿಯ ನಿರ್ವಹಣೆಯನ್ನು ಮೀನುಗಾರ ಸಮುದಾಯಕ್ಕೇ ಒಪ್ಪಿಸಬೇಕೆನ್ನುತ್ತಾರೆ. ಹೊಟ್ಟೆಪಾಡಿಗೆ ಕಡಲನ್ನೇ ನಂಬಿದವರು ಅದನ್ನು ಉಳಿಸಿಯಾರೇ?

ಉತ್ತರ: ಉಳಿಸಿದ್ದಾರೆ. ಫಿಲಿಪ್ಪೀನ್ಸಿನ ಎರಡು ಪುಟ್ಟ ದ್ವೀಪಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. ಸುಮಿಲಾನ್ ದ್ವೀಪದಲ್ಲಿ 1974ರಲ್ಲಿ ಸಿಲ್ಲಿಮಾನ್ ವಿಶ್ವವಿದ್ಯಾಲಯದ ಮುತುವರ್ಜಿಯಿಂದ ಹವಳದ ದಿಬ್ಬದ ಸುಮಾರು ಕಾಲುಭಾಗದಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಯಿತು. 1984ರಲ್ಲಿ ಸ್ಥಳೀಯ ಆಡಳಿತದ ಬೆಂಬಲ ತಪ್ಪಿದೊಡನೆ ನಿಷೇಧ ಮುರಿದುಬಿತ್ತು. ಆಗ ಇಡೀ ದಿಬ್ಬ ಬಲೆಗೆ ತೆರೆದುಕೊಂಡಿತಾದರೂ, ಎರಡು ವರ್ಷಗಳೊಳಗೆ ಒಟ್ಟು ಇಳುವರಿ ಅರ್ಧದಷ್ಟು ಕುಸಿಯಿತು. ಕಾಲುಭಾಗವನ್ನು ಮುಟ್ಟದೆ ಬಿಟ್ಟಾಗಲೇ ಹೆಚ್ಚು ಮೀನು ಸಿಗುತ್ತಿತ್ತು ಎಂಬುದು ನನ್ನನ್ನು ಇಂದಿಗೂ ಯೋಚನೆಗೆ ಹಚ್ಚುವ ಸಂಗತಿ.

ಇನ್ನೊಂದು, ಆಪೋ ದ್ವೀಪ. ಜೀವವಿಜ್ಞಾನಿ ಏಂಜೆಲ್ ಅಲ್ಕಾಲಾ ಮತ್ತು ಸಂಗಡಿಗರು ಅಲ್ಲಿ ಆಜ್ಞೆ ಹೊರಡಿಸಲಿಲ್ಲ. ವರ್ಷಗಟ್ಟಲೆ ಮಾತುಕತೆ ನಡೆಸಿದರು. 1982ರಲ್ಲಿ ದ್ವೀಪವಾಸಿಗಳೇ ದಿಬ್ಬದ ಸುಮಾರು ಹತ್ತರಲ್ಲಿ ಒಂದು ಭಾಗವನ್ನು ಮೀಸಲಿಟ್ಟು, ಕಾವಲಿಗೂ ತಾವೇ ನಿಂತರು. ಅದಕ್ಕೇ ಅದು ಬಾಳಿತು.

ಪ್ರಶ್ನೆ: ಮೀನುಗಳ ಲೆಕ್ಕ ಇಡಲು ತಜ್ಞರೇ ಬೇಕಲ್ಲವೇ? ಮೀನು ಮತ್ತೆ ಹೆಚ್ಚುವವರೆಗೆ ಬಡವರು ಕಾಯುವುದಾದರೂ ಹೇಗೆ?

ಉತ್ತರ: ಫಿಜಿಯ ಉಕುನಿವಾನುಆ ಗ್ರಾಮದಲ್ಲಿ ಮೊದಲೆಲ್ಲ ಕೆಲವೇ ತಾಸುಗಳಲ್ಲಿ ಚೀಲಗಟ್ಟಲೆ ಕಪ್ಪೆಚಿಪ್ಪು ಆಯುತ್ತಿದ್ದ ಹೆಂಗಸರಿಗೆ 1990ರ ದಶಕದ ಹೊತ್ತಿಗೆ ದಿನವಿಡೀ ಕೆಸರು ತಡಕಿದರೂ ಅರ್ಧ ಚೀಲ ತುಂಬುವುದು ಕಷ್ಟವಾಗಿತ್ತು. 1997ರಲ್ಲಿ ಊರವರು 24 ಹೆಕ್ಟೇರ್ ಜಾಗವನ್ನು ಮೂರು ವರ್ಷಕ್ಕೆಂದು ಮುಚ್ಚಿದರು. ತರಬೇತಿ ಪಡೆದ ಗ್ರಾಮಸ್ಥರೇ ನೇರ ಗೆರೆ ಹಾಕಿಕೊಂಡು, ಅದರುದ್ದಕ್ಕೂ ಸಿಕ್ಕ ಚಿಪ್ಪುಗಳನ್ನು ಎಣಿಸಿದರು. ತಾವೇ ಎಣಿಸಿದ ಲೆಕ್ಕ ಏರುತ್ತಿರುವುದನ್ನು ಕಂಡವರಿಗೆ ಬೇರೆ ಉಪದೇಶ ಬೇಕಾಗಲಿಲ್ಲ. ಅವಧಿ ಮುಗಿದ ಮೇಲೂ ನಿಷೇಧವನ್ನು ಮುಂದುವರಿಸಿದರು.

ಕಾಯುವ ಅವಧಿ ಮೂರು ವರ್ಷವೇ ಆಗಬೇಕೆಂದಿಲ್ಲ. ಮಡಗಾಸ್ಕರದ ಅಂಡವಾಡೋಕದಲ್ಲಿ 2004ರಲ್ಲಿ ಬೇಗ ಬೆಳೆಯುವ ಆಕ್ಟೋಪಸ್‌ಗಾಗಿ ಕೆಲವೇ ತಿಂಗಳ ಬಿಡುವು ಕೊಟ್ಟರು. ಜಾಗ ತೆರೆದಾಗ ದೊಡ್ಡ ಗಾತ್ರದ ಆಕ್ಟೋಪಸ್ ಸಿಕ್ಕಿತು. ಆದರೆ ಸುದ್ದಿ ಹಬ್ಬಿ ಹೊರಗಿನವರೂ ಮುಗಿಬಿದ್ದದ್ದರಿಂದ ಲಾಭ ಬೇಗ ಕರಗಿತು. ಹೊರಗಿನವರನ್ನು ತಡೆಯುವ ಹಕ್ಕು ಕಾನೂನಿನಲ್ಲೇ ಇರಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ. ಫಿಲಿಪ್ಪೀನ್ಸಿನ 1998ರ ಮೀನುಗಾರಿಕಾ ಸಂಹಿತೆ ದಡದಿಂದ 15 ಕಿಲೋಮೀಟರ್‌ವರೆಗಿನ ನೀರನ್ನು ಸ್ಥಳೀಯ ಆಡಳಿತದ ವ್ಯಾಪ್ತಿಗೆ ಸೇರಿಸಿ, ಅಲ್ಲಿ ಸಣ್ಣ ಮೀನುಗಾರರಿಗೆ ಆದ್ಯತೆ ನೀಡಿತು. ಆದರೆ ಅದೇ ದೇಶದಲ್ಲಿ, ಆಪೋವನ್ನು 1994ರಲ್ಲಿ ರಾಷ್ಟ್ರೀಯ ಸಂರಕ್ಷಿತ ಪ್ರದೇಶವಾಗಿ ಘೋಷಿಸಿದಾಗ ತೀರ್ಮಾನದ ಅಧಿಕಾರ ಸರ್ಕಾರಿ ಮಂಡಳಿಗೆ ಹೋಗಿ, ಹನ್ನೆರಡು ವರ್ಷ ಅದನ್ನು ಕಾದಿದ್ದ ದ್ವೀಪವಾಸಿಗಳು ಆ ಮಂಡಳಿಯ ಕೆಲವು ಸದಸ್ಯರಾಗಿ ಮಾತ್ರ ಉಳಿದರು.