ಇಂಗ್ಲೆಂಡಿನ ಹಳೇ ಹಳ್ಳಿಮನೆಯ ಗೋಡೆ ತೇವಕ್ಕೆ ಯಾವ ವಾಟರ್‌ಪ್ರೂಫಿಂಗ್ ಒಳ್ಳೆಯದು?

ಸಫೋಕ್‌ನಲ್ಲಿ ಮರದ ಚೌಕಟ್ಟಿನ ಹಳೇ ಮನೆ ತಗೊಂಡಿದ್ದೀರಿ, ಗೋಡೆಯ ಬುಡ ತೇವ, ಸಿಮೆಂಟ್ ಗಾರೆಯೋ ವಾಟರ್‌ಪ್ರೂಫ್ ಪೇಂಟೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಎರಡನ್ನೂ ಮಾಡಿಸಿ ಕೈ ಸುಟ್ಟುಕೊಂಡಿದ್ದೇನೆ.

ನಮ್ಮ ಮನೆಯೂ ಸಫೋಕ್‌ನಲ್ಲೇ, ಲ್ಯಾವನಮ್ ಅನ್ನೋ ಊರಿನ ಹತ್ತಿರ. 15-16ನೇ ಶತಮಾನದಲ್ಲಿ ಉಣ್ಣೆಬಟ್ಟೆ ವ್ಯಾಪಾರದ ದುಡ್ಡಿನಲ್ಲಿ ಮೇಲೆದ್ದ ಸೀಮೆ. ನಮ್ಮ ಅಟ್ಟದ ಮರಗಳಿಗೆ ಇನ್ನೂ ಮಸಿ ಅಂಟಿದೆ. ಚಿಮಣಿ ಕಟ್ಟುವ ಮೊದಲು ನಡುಮನೆಯಲ್ಲೇ ಬೆಂಕಿ ಹಾಕುತ್ತಿದ್ದರು, ಹೊಗೆ ನೇರ ಮಾಡಿಗೆ ಏರುತ್ತಿತ್ತು. ಕಂಬ, ತೊಲೆ ಎಲ್ಲ ಓಕ್, ಮರದ ಗೂಟ ಹೊಡೆದು ಕೂಡಿಸಿದ್ದು. ನಡುವೆ ಹೇಜಲ್ ಗಿಡದ ಕಡ್ಡಿ ಹೆಣೆದು ಮಣ್ಣು, ಹುಲ್ಲು, ಸಗಣಿ ಮೆತ್ತಿದ ಗೋಡೆ, ಮೇಲೆ ಸುಣ್ಣದ ಗಾರೆ.

ಪಶ್ಚಿಮದ ಗೋಡೆಯಲ್ಲಿ ಗಾರೆ ಉದುರಿತ್ತು. ಮೇಸ್ತ್ರಿ ಸಿಮೆಂಟ್ ಬಳಿದು ಪ್ಲಾಸ್ಟಿಕ್ ಪೇಂಟ್ ಹೊಡೆದ. ಸರಿಯಾಗಿ ಕೇಳಿ, ತಪ್ಪಾಗಿದ್ದು ಇಲ್ಲೇ. ಓಕ್ ತೇವಕ್ಕೆ ಉಬ್ಬುತ್ತೆ, ಒಣಗಿದಾಗ ಕುಗ್ಗುತ್ತೆ. ಸುಣ್ಣ ಅದರ ಜೊತೆ ಒಂಚೂರು ಬಾಗುತ್ತೆ. ಸಿಮೆಂಟ್ ಬಾಗಲ್ಲ, ಮರ ಸೇರುವಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತೆ. ಗಾಳಿಮಳೆ ಅಲ್ಲಿಂದ ಒಳಗೆ ಇಳಿಯುತ್ತೆ. ಸುಣ್ಣವಾಗಿದ್ದರೆ ಆ ನೀರು ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು. ಸಿಮೆಂಟು, ಪೇಂಟು ಅದನ್ನು ಬಿಡಲಿಲ್ಲ. ನೀರು ಇಳಿದಿಳಿದು ಬುಡದ ಅಡ್ಡತೊಲೆಯ ಮೇಲೆ ಕೂತಿತು. ಹೊರಗೆ ಗೋಡೆ ಬೆಣ್ಣೆಯಂತೆ ನುಣ್ಣಗೆ. ನಾಲ್ಕನೇ ಚಳಿಗಾಲ ಸ್ಕ್ರೂಡ್ರೈವರ್ ಚುಚ್ಚಿದೆ, ಹಿಡಿಯವರೆಗೂ ಒಳಗೆ ಹೋಯಿತು. ಕೈಗೆ ಬಂದಿದ್ದು ಒದ್ದೆ ಕಾಫಿಪುಡಿಯಂಥ ಮರ. ನಾನೂರು ವರ್ಷ ನಿಂತಿದ್ದ ತೊಲೆ.

ಬಡಗಿ ಕೊಳೆತಷ್ಟನ್ನು ಕತ್ತರಿಸಿ ಹೊಸ ಓಕ್ ಬೆಸೆದ. ಮತ್ತೆ ಮಣ್ಣು ಮೆತ್ತಿ, ಮೇಕೆಕೂದಲು ಬೆರೆಸಿದ ಸುಣ್ಣದ ಗಾರೆ, ಅದರ ಮೇಲೆ ತೆಳ್ಳಗೆ ಸುಣ್ಣ. ಆ ವಾಸನೆಗೆ ಹಬ್ಬದ ಮುಂಚೆ ಅಜ್ಜಿ ಮಣ್ಣಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದದ್ದು ನೆನಪಾಯಿತು. ಅವಳಿಗೆ ಗೊತ್ತಿದ್ದದ್ದನ್ನು ನಾನು ಅಷ್ಟು ದುಡ್ಡು ತೆತ್ತು ಕಲಿತೆ.

ನೀರು ತಡೆಯುವುದು ಹೇಗೆ ಅಂತ ಯೋಚಿಸಬೇಡಿ, ಒಳಹೊಕ್ಕ ನೀರು ಆರುವುದು ಹೇಗೆ ಅಂತ ಯೋಚಿಸಿ. ಮನೆ ಲಿಸ್ಟೆಡ್ ಆಗಿದ್ದರೆ, ಅಂದರೆ ಕಾನೂನಿನ ರಕ್ಷಣೆಯಿರುವ ಹಳೇ ಕಟ್ಟಡಗಳ ಪಟ್ಟಿಯಲ್ಲಿದ್ದರೆ, ಮೊದಲು ಕೌನ್ಸಿಲ್‌ನ ಸಂರಕ್ಷಣಾ ಅಧಿಕಾರಿಯನ್ನು ಕೇಳಿ. ಒಪ್ಪಿಗೆಯಿಲ್ಲದೆ ಕಟ್ಟಡದ ಸ್ವರೂಪ ಬದಲಿಸುವುದು ಇಲ್ಲಿ ಅಪರಾಧ. ಹಿಮ ಬೀಳುವ ತಿಂಗಳಲ್ಲಿ ಸುಣ್ಣದ ಕೆಲಸ ಹಿಡಿಯಬೇಡಿ. ಈ ವಾರಾಂತ್ಯ ಇಷ್ಟು ಮಾಡಿ: ಸೂರಿನಂಚಿನ ಮಳೆನೀರಿನ ದೋಣಿ ಸೋರುತ್ತಿದೆಯಾ ನೋಡಿ, ಗೋಡೆಯ ಬುಡಕ್ಕೆ ಏರಿರುವ ಹೂಪಾತಿಯ ಮಣ್ಣು ತೆಗೆದುಹಾಕಿ, ಗಾರೆಯನ್ನು ಗೆಣ್ಣಿನಿಂದ ತಟ್ಟಿ. ಟೊಳ್ಳು ಸದ್ದು ಎಲ್ಲೆಲ್ಲಿ ಬಂತು ಅಂತ ಇಲ್ಲೇ ಬರೆಯಿರಿ.