ಎಲ್ಲರೂ ‘ಆಯ್ತು ಮೇಡಂ’ ಅಂದಾಗ

ಸಂಪಾದಕರ ಉತ್ತರ

(ಮೈಸೂರಿನ ಓದುಗರೊಬ್ಬರ ಪತ್ರದ ಸಾರ: ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಹೋದ ವರ್ಷ ತಮ್ಮದೇ ತಂಡಕ್ಕೆ ಲೀಡ್ ಆದರು. ತಂಡದಲ್ಲಿ ಎಂಟು ಜನ. ಅವರಲ್ಲಿ ಮೂವರು ದಿನಾ ಒಟ್ಟಿಗೆ ಊಟ ಮಾಡುತ್ತಿದ್ದ ಗೆಳತಿಯರು, ಒಬ್ಬರು ಇವರಿಗೇ ಕೆಲಸ ಕಲಿಸಿದ ಹಿರಿಯರು. ಈಗ ಮೀಟಿಂಗ್‌ನಲ್ಲಿ ಯಾರೂ ಎದುರು ಮಾತಾಡುವುದಿಲ್ಲ. ಎಲ್ಲದಕ್ಕೂ ‘ಆಯ್ತು ಮೇಡಂ’. ಆದರೆ ಮಾರ್ಚ್‌ನಲ್ಲಿ ಕ್ಲೈಂಟ್‌ಗೆ ಕೊಡಬೇಕಿದ್ದ ಕೆಲಸ ಮೂರು ವಾರ ತಡವಾಯಿತು. ತಡವಾಗುತ್ತದೆ ಅಂತ ತಂಡದಲ್ಲಿ ಎಲ್ಲರಿಗೂ ಮೊದಲೇ ಗೊತ್ತಿತ್ತಂತೆ, ಇವರೊಬ್ಬರನ್ನು ಬಿಟ್ಟು. ‘ನಾನು ಇನ್ನೂ ಸ್ಟ್ರಿಕ್ಟ್ ಆಗಬೇಕಾ, ಅಥವಾ ಈಗಾಗಲೇ ಜಾಸ್ತಿ ಸ್ಟ್ರಿಕ್ಟ್ ಆಗಿಬಿಟ್ಟಿದ್ದೀನಾ?’ ಅಂತ ಕೇಳಿದ್ದಾರೆ. ಹೆಸರು ಬೇಡ ಎಂದಿದ್ದಾರೆ.)

ಮೇಡಂ,

ನೀವು ಸ್ಟ್ರಿಕ್ಟಾ, ಸಾಫ್ಟಾ ಅನ್ನುವ ಲೆಕ್ಕ ಸದ್ಯಕ್ಕೆ ಬದಿಗಿಡಿ. ಜೋರು ಮಾಡುವ ಲೀಡ್‌ಗಳ ಹತ್ತಿರವೂ ಜನ ನಿಜ ಹೇಳುವುದನ್ನು ನೋಡಿದ್ದೇನೆ. ಸದಾ ನಗುನಗುತ್ತಾ ಇರುವವರ ಹತ್ತಿರ ಒಂದು ಮಾತೂ ಹೊರಬರದೆ ಇರುವುದನ್ನೂ ನೋಡಿದ್ದೇನೆ. ನಾನಾದರೆ ಕೇಳುವ ಪ್ರಶ್ನೆ ಬೇರೆ: ನಿಮ್ಮ ಹತ್ತಿರ ಕೊನೇ ಸಲ ಕೆಟ್ಟ ಸುದ್ದಿ ತಂದವರಿಗೆ ಏನಾಯಿತು?

ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮೂರನೇ ಪುಟ. ಫೆಬ್ರವರಿಯಲ್ಲಿ ಹೊಸ ಹುಡುಗನೊಬ್ಬ, ‘ಟೆಸ್ಟಿಂಗ್‌ಗೆ ಡೇಟಾನೇ ಬಂದಿಲ್ಲ ಮೇಡಂ, ಮಾರ್ಚ್‌ಗೆ ಆಗುತ್ತೋ ಇಲ್ವೋ’ ಅಂದ. ನೀವು ‘ಪ್ರಾಬ್ಲಂ ತರಬೇಡಪ್ಪ, ಸೊಲ್ಯೂಷನ್ ತಗೊಂಡು ಬಾ’ ಅಂದಿರಿ. ಎಲ್ಲರೂ ನಕ್ಕರು. ಅವನೂ ನಕ್ಕ. ಅವತ್ತು ಮೀಟಿಂಗ್ ಬೇಗ ಮುಗಿಯಿತು ಅಂತ ಖುಷಿಯಿಂದಲೇ ಬರೆದಿದ್ದೀರಿ. ನೀವು ಬೈದಿಲ್ಲ, ಹಂಗಿಸಿಲ್ಲ, ದೊಡ್ಡ ದನಿಯಲ್ಲೂ ಮಾತಾಡಿಲ್ಲ. ಆದರೆ ಆ ಕೋಣೆಯಲ್ಲಿದ್ದ ಎಂಟೂ ಜನ ಅವತ್ತು ಒಂದು ಪಾಠ ಕಲಿತರು. ಕೈಯಲ್ಲಿ ಪರಿಹಾರ ಇಲ್ಲದಿದ್ದರೆ ಬಾಯಿ ಬಿಡಬಾರದು.

ಈ ‘ಸೊಲ್ಯೂಷನ್ ತನ್ನಿ’ ಅನ್ನುವ ಮಾತು ಈಗ ಎಲ್ಲ ಆಫೀಸಿನಲ್ಲೂ ಓಡಾಡುತ್ತಿದೆ. ಕೇಳಲು ಚೆನ್ನಾಗಿದೆ, ಗಟ್ಟಿತನದ ಹಾಗೆ ಕಾಣುತ್ತದೆ. ನನಗಂತೂ ಅದನ್ನು ಕಂಡರೆ ಆಗುವುದಿಲ್ಲ. ಯಾಕೆ ಅಂತ ಹೇಳಲು ವಿಮಾನದ ಕತೆ ಒಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತಂಡದಲ್ಲಿ ಮೌನ ಹೇಗೆ ಹುಟ್ಟುತ್ತದೆ ಅಂತ ವಿಮಾನದವರಷ್ಟು ಕೆದಕಿ ನೋಡಿದವರು ಕಡಿಮೆ. ಅವರ ಹತ್ತಿರ ಕಾಕ್‌ಪಿಟ್‌ನ ಮಾತೆಲ್ಲ ರೆಕಾರ್ಡ್ ಆಗಿರುತ್ತದೆ. ನಮ್ಮ ಮೀಟಿಂಗ್‌ಗಳಿಗೆ ಆ ಭಾಗ್ಯ ಇಲ್ಲ, ಇಲ್ಲದಿರುವುದೇ ವಾಸಿ.

1978ರ ಡಿಸೆಂಬರ್ 28. ಯುನೈಟೆಡ್ ಏರ್‌ಲೈನ್ಸ್‌ನ ಫ್ಲೈಟ್ 173 ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಇಳಿಯಬೇಕಿತ್ತು. ಒಳಗೆ 189 ಜನ. ಚಕ್ರ ಬಿಟ್ಟಾಗ ದಡ್ ಅಂತ ಸದ್ದಾಯಿತು, ವಿಮಾನ ಅದುರಿತು. ಚಕ್ರಗಳು ಸರಿಯಾಗಿ ಇಳಿದು ಲಾಕ್ ಆಗಿವೆ ಅಂತ ತೋರಿಸುವ ದೀಪಗಳಲ್ಲಿ ಕೆಲವು ಹತ್ತಲಿಲ್ಲ. ಕ್ಯಾಪ್ಟನ್ ತುಂಬಾ ಅನುಭವಸ್ಥರು. ಇಳಿಸುವುದನ್ನು ಮುಂದಕ್ಕೆ ಹಾಕಿ, ಅಲ್ಲೇ ಸುತ್ತು ಹೊಡೆಯುತ್ತಾ ಚಕ್ರದ ತೊಂದರೆ ಏನು ಅಂತ ವಿಚಾರಿಸತೊಡಗಿದರು. ಪ್ರಯಾಣಿಕರನ್ನು ತುರ್ತಾಗಿ ಇಳಿಸುವ ತಯಾರಿ ಮಾಡಿಸಿದರು. ಯಾವ ಒಳ್ಳೆಯ ಕ್ಯಾಪ್ಟನ್ ಆದರೂ ಮಾಡುವ ಕೆಲಸವೇ ಅದು. ಹೀಗೇ ಹೆಚ್ಚುಕಡಿಮೆ ಒಂದು ಗಂಟೆ ಹೋಯಿತು.

ಅಷ್ಟು ಹೊತ್ತೂ ಫ್ಲೈಟ್ ಇಂಜಿನಿಯರ್ ಕಣ್ಣೆದುರಿನಲ್ಲಿ ಇಂಧನ ಇಳಿಯುತ್ತಲೇ ಇತ್ತು. ಇನ್ನೊಂದು 15 ನಿಮಿಷ ಅಂತ ಕ್ಯಾಪ್ಟನ್ ಅಂದಾಗ, 15 ನಿಮಿಷ ಅಂದರೆ ಇಂಧನ ತೀರಾ ಕಮ್ಮಿಯಾಗುತ್ತದೆ ಅಂತ ಆತ ಹೇಳಿದರು ಕೂಡ. ಹೇಳಿ ಸುಮ್ಮನಾದರು. ‘ಈಗಲೇ ಇಳಿಸಿ, ಇಲ್ಲಾಂದ್ರೆ ಬೀಳ್ತೀವಿ’ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಕ್ಯಾಪ್ಟನ್ ತಲೆಯೆಲ್ಲ ಚಕ್ರದ ಮೇಲಿತ್ತು. ಕೊನೆಗೆ ಇಂಜಿನ್‌ಗಳು ಒಂದೊಂದಾಗಿ ನಿಂತವು. ನಿಲ್ದಾಣಕ್ಕೆ ಸುಮಾರು ಆರು ಮೈಲಿ ಇರುವಾಗ ವಿಮಾನ ಮನೆ, ಮರಗಳ ನಡುವೆ ಬಿತ್ತು. 10 ಜನ ಸತ್ತರು. ಆ ಫ್ಲೈಟ್ ಇಂಜಿನಿಯರ್ ಕೂಡ ಅವರಲ್ಲಿ ಒಬ್ಬರು.

ಇಲ್ಲಿ ಯಾರೂ ಕೆಟ್ಟವರಲ್ಲ. ಕ್ಯಾಪ್ಟನ್ ಯಾರ ಮೇಲೂ ಕಿರುಚಿರಲಿಲ್ಲ. ಇಂಜಿನಿಯರ್ ನಿದ್ದೆ ಹೋಗಿರಲಿಲ್ಲ. ಇಂಜಿನಿಯರ್ ಹತ್ತಿರ ಇದ್ದದ್ದು ಪ್ರಾಬ್ಲಂ ಮಾತ್ರ. ಸೊಲ್ಯೂಷನ್ ಇದ್ದದ್ದು ಕ್ಯಾಪ್ಟನ್ ಕೈಯಲ್ಲಿ. ನಿಮ್ಮ ಆಫೀಸಿನ ಹುಡುಗನದ್ದೂ ಇದೇ ಸ್ಥಿತಿ ಅಲ್ವಾ? ಡೇಟಾ ಬಂದಿಲ್ಲ ಅನ್ನುವುದು ಅವನಿಗೆ ಕಾಣುತ್ತದೆ. ಕ್ಲೈಂಟ್‌ಗೆ ಫೋನ್ ಮಾಡಿ ಡೇಟಾ ತರಿಸುವ, ಇಲ್ಲವೇ ತಾರೀಖು ಮುಂದಕ್ಕೆ ಹಾಕಿಸುವ ಅಧಿಕಾರ ಅವನಿಗೆಲ್ಲಿದೆ? ಅವನು ತರಬಹುದಾಗಿದ್ದ ಸೊಲ್ಯೂಷನ್ ಅಂದರೆ ನೀವೇ.

ಆ ಅಪಘಾತದ ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತಪ್ಪನ್ನು ಕ್ಯಾಪ್ಟನ್ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಬಹುದಿತ್ತು. ಇಂಧನದ ಕಡೆ ಗಮನ ಕೊಡದ್ದು ಅವರ ತಪ್ಪು ಅಂತ ಹೇಳಿತು ನಿಜ. ಆದರೆ ಕಾಕ್‌ಪಿಟ್‌ನಲ್ಲಿದ್ದ ಉಳಿದಿಬ್ಬರು, ಅಂದರೆ ಸಹಪೈಲಟ್ ಮತ್ತು ಇಂಜಿನಿಯರ್, ತಮ್ಮ ಆತಂಕವನ್ನು ತಲುಪುವ ಹಾಗೆ ಹೇಳಲಿಲ್ಲ ಅಂತಲೂ ಬರೆಯಿತು. 1979ರಲ್ಲಿ ಅದು ಮಾಡಿದ ಶಿಫಾರಸಿನಲ್ಲಿ ಎರಡು ಕೆಲಸ ಇದ್ದವು. ಜೊತೆಯವರನ್ನು ಸೇರಿಸಿಕೊಂಡು ನಿರ್ಧಾರ ಮಾಡುವುದನ್ನು ಕ್ಯಾಪ್ಟನ್‌ಗಳಿಗೆ ಕಲಿಸಬೇಕು. ಗಟ್ಟಿಯಾಗಿ ಹೇಳುವುದನ್ನು ಕೆಳಗಿನವರಿಗೆ ಕಲಿಸಬೇಕು. ನಮ್ಮ ಕಡೆ ಎರಡನೆಯದನ್ನೇ ಹೇಳುತ್ತಾರೆ: ‘ಜೂನಿಯರ್ಸ್ ಬಾಯಿ ಬಿಡಲ್ಲ ಸರ್, ಧೈರ್ಯ ಇಲ್ಲ’. ಮೊದಲನೆಯದು ಆಗದೆ ಎರಡನೆಯದು ಹೇಗೆ ಆಗುತ್ತದೋ ನನಗೆ ತಿಳಿಯದು.

ಯುನೈಟೆಡ್ ಕಂಪನಿ 1981ರಲ್ಲಿ ತನ್ನ ಕಾಕ್‌ಪಿಟ್ ಸಿಬ್ಬಂದಿಗೆ ಈ ತರಬೇತಿ ಶುರುಮಾಡಿತು. ಫಲ ಕಂಡದ್ದು 1989ರ ಜುಲೈ 19ರಂದು. ಅದೇ ಕಂಪನಿಯ ಫ್ಲೈಟ್ 232, ಒಳಗೆ 296 ಜನ. ಆಕಾಶದಲ್ಲಿ ಬಾಲದ ಇಂಜಿನ್ ಸಿಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆ ಹೋದವು. ಅಂದರೆ ವಿಮಾನವನ್ನು ತಿರುಗಿಸಲು, ಏರಿಸಲು, ಇಳಿಸಲು ಇರುವ ಯಾವ ಸಾಧನವೂ ಕೆಲಸ ಮಾಡುತ್ತಿರಲಿಲ್ಲ. ಅಂಥ ಸ್ಥಿತಿಗೆ ಪುಸ್ತಕದಲ್ಲಿ ಉತ್ತರವೇ ಇರಲಿಲ್ಲ. ಕ್ಯಾಪ್ಟನ್ ಆಲ್ ಹೇನ್ಸ್. ಪ್ರಯಾಣಿಕರ ಸೀಟಿನಲ್ಲಿ ಡೆನಿಸ್ ಫಿಚ್ ಅನ್ನುವ ಪೈಲಟ್ ಒಬ್ಬರಿದ್ದರು, ಅದೇ ಮಾದರಿಯ ವಿಮಾನದ ತರಬೇತುದಾರ. ನನ್ನಿಂದ ಏನಾದರೂ ಆಗುತ್ತಾ ಅಂತ ಕೇಳಿ ಕಳಿಸಿದರು. ಹೇನ್ಸ್ ತಕ್ಷಣ ಒಳಗೆ ಕರೆಸಿ, ಉಳಿದ ಎರಡು ಇಂಜಿನ್‌ಗಳ ಥ್ರಾಟಲ್ ಅವರ ಕೈಗೆ ಕೊಟ್ಟರು. ಒಂದು ಕಡೆಯ ಇಂಜಿನ್ ಜಾಸ್ತಿ, ಇನ್ನೊಂದು ಕಡೆಯದು ಕಮ್ಮಿ ಮಾಡುತ್ತಾ ವಿಮಾನವನ್ನು ಸೂ ಸಿಟಿಯ ರನ್‌ವೇವರೆಗೆ ತಂದರು. ಇಳಿಯುವಾಗ ಅದು ಒಡೆದು ಬೆಂಕಿ ಹತ್ತಿತು. 112 ಜನ ಸತ್ತರು. ಒಬ್ಬರೂ ಉಳಿಯುವ ಹಾಗಿರದ ಆ ವಿಮಾನದಿಂದ 184 ಜನ ಬದುಕಿ ಬಂದರು. ಆ ತರಬೇತಿ ಇಲ್ಲದಿದ್ದರೆ ನಮ್ಮಿಂದ ಅದು ಆಗುತ್ತಲೇ ಇರಲಿಲ್ಲ ಅಂತ ಹೇನ್ಸ್ ಆಮೇಲೆ ಊರೂರಿಗೆ ಹೋಗಿ ಹೇಳಿದರು.

ಹೇನ್ಸ್ ಅಧಿಕಾರ ಬಿಟ್ಟುಕೊಟ್ಟರು ಅಂತ ಇದರ ಅರ್ಥ ಅಲ್ಲ. ಕೊನೆವರೆಗೂ ಕ್ಯಾಪ್ಟನ್ ಅವರೇ. ನಿರ್ಧಾರವೂ ಅವರದೇ. ನಿಮ್ಮಂಥ ಹೊಸ ಲೀಡ್‌ಗಳು ಎಡವುವ ಜಾಗ ಇದು. ಎಲ್ಲರ ಮಾತು ಕೇಳಿದರೆ ತಾನು ಮೆತ್ತಗಾದ ಹಾಗೆ ಅಂತ ಭಯ.

ನಿಮ್ಮ ತಂಡದ ಹಿರಿಯರ ವಿಷಯಕ್ಕೆ ಇಲ್ಲೇ ಬರುತ್ತೇನೆ. ‘ಅವರು ಮೀಟಿಂಗ್‌ನಲ್ಲಿ ಕೈ ಕಟ್ಟಿಕೊಂಡು ಕೂತಿರ್ತಾರೆ, ನನಗೆ ಭಯ ಆಗುತ್ತೆ’ ಅಂತ ಬರೆದಿದ್ದೀರಿ. ಅವರೂ ನಿಮ್ಮ ಬಗ್ಗೆ ಇದೇ ಮಾತು ಹೇಳಬಹುದು. ತಾನು ಕೆಲಸ ಕಲಿಸಿದ ಹುಡುಗಿಯ ಕೈಕೆಳಗೆ ಕೂರುವುದು ಸುಲಭ ಅಲ್ಲ. ಅವರಿಗೆ ಬೇಕಿರುವುದು ಗೌರವದ ಮಾತಲ್ಲ, ಕೆಲಸ. ಕ್ಲೈಂಟ್‌ನ ಹಳೇ ಸಿಸ್ಟಮ್ ಅವರಷ್ಟು ಯಾರಿಗೂ ಗೊತ್ತಿಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಿದ್ದರೆ ಆ ಭಾಗದ ನಿರ್ಧಾರಗಳನ್ನು ಅವರಿಗೇ ಕೊಡಿ. ಸುಮ್ನೆ ‘ನಿಮ್ಮ ಗೈಡೆನ್ಸ್ ಬೇಕು ಸರ್’ ಅಂದರೆ ಸಾಲದು. ಏನು, ಎಷ್ಟು ದಿನದಲ್ಲಿ, ಯಾರನ್ನು ಜೊತೆಗೆ ಹಾಕಿಕೊಂಡು ಅನ್ನುವುದೆಲ್ಲ ಅವರದ್ದೇ ಆಗಲಿ. ಇದನ್ನು ಮೀಟಿಂಗ್‌ನಲ್ಲಿ ಹೇಳುವ ಮೊದಲು ಒಂದು ದಿನ ಕಾಫಿಗೆ ಕರೆದು ಹೇಳಿ.

ಗೆಳತಿಯರ ವಿಷಯ ನೋವಿನದು. ‘ಏನೇ’ ಅಂತಿದ್ದವಳು ಈಗ ‘ಮೇಡಂ’ ಅಂತಾಳೆ, ನನ್ನನ್ನು ಬಿಟ್ಟು ಬೇರೆ ವಾಟ್ಸಾಪ್ ಗ್ರೂಪ್ ಮಾಡಿಕೊಂಡಿದ್ದಾರೆ ಅಂದಿದ್ದೀರಿ. ಅದನ್ನು ಹಾಗೇ ಬಿಡಿ. ಅವರ ಇನ್‌ಕ್ರಿಮೆಂಟ್ ಬರೆಯುವ ಕೈ ನಿಮ್ಮದು. ನಿಮ್ಮನ್ನು ಬೈಯಲು ಅವರಿಗೂ ಒಂದು ಜಾಗ ಬೇಡವೇ? ನೀವೂ ಹಳೇ ಲೀಡ್‌ನ ಬಗ್ಗೆ ಊಟದ ಟೇಬಲ್ಲಿನಲ್ಲಿ ಆಡಿದ ಮಾತು ನೆನಪಿರಬೇಕು. ಹಳೇ ಸಲಿಗೆ ಮರಳಿ ಬರಲಿ ಅಂತ ಅವರ ಟೇಬಲ್ಲಿಗೆ ಟಿಫಿನ್ ಬಾಕ್ಸ್ ಹಿಡಿದು ಹೋಗಬೇಡಿ. ಅವರಾಗೇ ಕರೆದರೆ ಹೋಗಿ.

ನಿಮ್ಮ ಎಚ್‌ಆರ್‌ನವರು ರಾಮನಗರದ ಹತ್ತಿರ ರೆಸಾರ್ಟ್‌ನಲ್ಲಿ ‘ಟೀಮ್ ಬಿಲ್ಡಿಂಗ್’ ಇಡುತ್ತೇವೆ ಅಂದಿದ್ದಾರಂತೆ. ಹೋಗಿ, ಊಟ ಚೆನ್ನಾಗಿರುತ್ತದೆ. ಆದರೆ ಹಗ್ಗ ಜಗ್ಗಿ, ಬಲೂನ್ ಒಡೆದು ಬಂದ ಮಾತ್ರಕ್ಕೆ ಸೋಮವಾರದ ಮೀಟಿಂಗ್‌ನಲ್ಲಿ ಬಾಯಿ ಬಿಡುತ್ತಾರೆ ಅಂದುಕೊಳ್ಳಬೇಡಿ.

ಸೋಮವಾರದ ಮೀಟಿಂಗನ್ನೇ ಬದಲಿಸಬೇಕು. ನಿಮ್ಮ ಅಭಿಪ್ರಾಯ ಕೊನೆಗೆ ಹೇಳಿ. ಲೀಡ್ ಮೊದಲು ‘ಇದು ಮಾರ್ಚ್‌ಗೆ ಆಗುತ್ತೆ’ ಅಂದಮೇಲೆ ‘ಆಗಲ್ಲ’ ಅನ್ನುವುದು ಯಾರಿಗೆ ಬೇಕಾಗಿದೆ? ‘ಯಾರಿಗಾದ್ರೂ ಡೌಟ್ ಇದೆಯಾ?’ ಅಂತಲೂ ಕೇಳಬೇಡಿ. ಆ ಪ್ರಶ್ನೆಗೆ ನಮ್ಮ ಶಾಲೆಗಳಲ್ಲೇ ಉತ್ತರ ಕಲಿತಿದ್ದೇವೆ: ‘ಇಲ್ಲ ಮಿಸ್’. ಬದಲಿಗೆ, ‘ಶುಕ್ರವಾರದೊಳಗೆ ಯಾವ ಕೆಲಸ ಮುಗಿಯಲಿಕ್ಕಿಲ್ಲ ಅನಿಸ್ತಿದೆ?’ ಅಂತ ಒಬ್ಬೊಬ್ಬರನ್ನೇ ಕೇಳಿ. ಅಲ್ಲಿ ಏನೋ ಒಂದು ಇದ್ದೇ ಇರುತ್ತದೆ ಅಂತ ಪ್ರಶ್ನೆಯೇ ಒಪ್ಪಿಕೊಂಡಿರುತ್ತದೆ. ಯಾರಾದರೂ ಹೇಳಿದ ಕೂಡಲೇ ‘ಯಾಕೆ?’ ಅನ್ನದೆ, ‘ಯಾವಾಗ ಗೊತ್ತಾಯ್ತು, ನಾನು ಏನು ಮಾಡಬೇಕು?’ ಅನ್ನಿ. ಎಲ್ಲರೂ ನಿಮ್ಮ ಮುಖ ನೋಡುವುದು ಆ ಹೊತ್ತಿನಲ್ಲೇ.

ಇನ್ನೊಂದು, ಅಮೆರಿಕದ ಆಸ್ಪತ್ರೆಗಳ ತರಬೇತಿಯಲ್ಲೂ ಇರುವ ಪದ್ಧತಿ: ಎರಡು ಸಲ ಹೇಳುವ ನಿಯಮ. ಮೊದಲ ಸಲ ಹೇಳಿದ್ದನ್ನು ಮೇಲಿನವರು ಕಿವಿಗೆ ಹಾಕಿಕೊಳ್ಳದಿದ್ದರೆ, ಎರಡನೇ ಸಲ ಹೇಳುವುದು ಅಧಿಕಪ್ರಸಂಗ ಅಲ್ಲ, ಕರ್ತವ್ಯ. ಇದನ್ನು ತಂಡಕ್ಕೆ ನೀವೇ ಬಾಯಿಬಿಟ್ಟು ಹೇಳಬೇಕು. ‘ನಾನು ಕೇಳಿಸಿಕೊಳ್ಳದಿದ್ದರೆ ಇನ್ನೊಂದು ಸಲ ಹೇಳಿ, ನನಗೆ ಬೇಜಾರಿಲ್ಲ’ ಅಂತ. ಆ ಹುಡುಗನನ್ನೂ ಕರೆದು, ಫೆಬ್ರವರಿಯಲ್ಲಿ ನೀನು ಹೇಳಿದ್ದು ಸರಿ ಇತ್ತು ಅನ್ನಿ. ಒಬ್ಬನನ್ನೇ ಕರೆದು ಬೇಡ, ನಕ್ಕವರೆಲ್ಲ ಇರುವಾಗಲೇ.

ಒಂದು ಎಚ್ಚರಿಕೆ. ಇದೆಲ್ಲ ಮಾಡಿದ ಮೇಲೆ ನಿಮ್ಮ ತಂಡದಲ್ಲಿ ತಪ್ಪುಗಳು ಜಾಸ್ತಿಯಾದ ಹಾಗೆ ಕಾಣುತ್ತದೆ. ಹೆದರಬೇಡಿ. 1990ರ ದಶಕದಲ್ಲಿ ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿದರು. ಚೆನ್ನಾಗಿ ನಡೆಯುವ ತಂಡಗಳಲ್ಲಿ ತಪ್ಪು ಕಮ್ಮಿ ಇರಬೇಕು ಅಂತ ಅವರ ಎಣಿಕೆ. ಸಿಕ್ಕಿದ್ದು ಉಲ್ಟಾ. ಒಳ್ಳೆಯ ತಂಡಗಳ ಲೆಕ್ಕದಲ್ಲೇ ತಪ್ಪು ಜಾಸ್ತಿ. ಕೆದಕಿ ನೋಡಿದರೆ, ಆ ತಂಡಗಳಲ್ಲಿ ನರ್ಸ್‌ಗಳು ತಪ್ಪನ್ನು ಹೇಳಿಕೊಳ್ಳುತ್ತಿದ್ದರು. ಉಳಿದ ಕಡೆ ಮುಚ್ಚಿಡುತ್ತಿದ್ದರು. ನಿಮ್ಮ ವಾರದ ರಿಪೋರ್ಟ್‌ನಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಎಲ್ಲ ಹಸಿರೇ ಇತ್ತು, ಅಂದರೆ ಎಲ್ಲ ಸರಿಯಾಗಿದೆ ಅಂತಲೇ ಇತ್ತು ಅಂತ ಬರೆದಿದ್ದೀರಿ. ನನಗೆ ಅನುಮಾನ ಬಂದಿದ್ದೇ ಅಲ್ಲಿ.

ಕೊನೆಗೆ ನೀವು ಕೇಳದ ಒಂದು ವಿಷಯ. ಪತ್ರದ ತುದಿಯಲ್ಲಿ, ಮುಂದಿನ ಕೆಲಸ ದಸರಾ ಒಳಗೆ ಕೊಡುತ್ತೇವೆ ಅಂತ ನಿಮ್ಮ ಡೈರೆಕ್ಟರ್ ಕ್ಲೈಂಟ್‌ಗೆ ಮಾತು ಕೊಟ್ಟಿದ್ದಾರೆ ಅಂದಿದ್ದೀರಿ. ‘ಅದು ಆಗಲ್ಲ ಅಂತ ನನಗೆ ಗೊತ್ತು, ಆದ್ರೆ ಅವರ ಮುಂದೆ ಹೇಗೆ ಹೇಳೋದು’ ಅಂತ ಅಲ್ಲೇ ನಿಲ್ಲಿಸಿದ್ದೀರಿ. ಅಂದರೆ ಡೈರೆಕ್ಟರ್ ಮುಂದೆ ‘ಆಯ್ತು ಸರ್’ ಅಂದು ಬಂದಿದ್ದೀರಿ. ನಿಮ್ಮ ತಂಡದವರು ನಿಮ್ಮ ಮುಂದೆ ಮಾಡುತ್ತಿರುವುದೂ ಅದನ್ನೇ. ಅವರು ಇದನ್ನು ನೋಡುತ್ತಿಲ್ಲ ಅಂದುಕೊಳ್ಳಬೇಡಿ.

ಹಾಗಾಗಿ ಮೊದಲು ಡೈರೆಕ್ಟರ್‌ಗೆ ಒಂದು ಮೇಲ್ ಬರೆಯಿರಿ. ಉದ್ದ ಬೇಡ. ದಸರಾ ಒಳಗೆ ಯಾವ ಭಾಗ ಕೊಡಬಹುದು, ಯಾವುದು ಆಗುವುದಿಲ್ಲ, ಅದಕ್ಕೆ ಇನ್ನೆಷ್ಟು ವಾರ ಬೇಕು, ಯಾವ ತಾರೀಖಿನೊಳಗೆ ಕ್ಲೈಂಟ್‌ಗೆ ಹೇಳಬೇಕು. ‘ಸ್ವಲ್ಪ ಕಷ್ಟ ಆಗಬಹುದು’ ಅಂತ ಬರೆಯಬೇಡಿ, ‘ಆಗುವುದಿಲ್ಲ’ ಅಂತಲೇ ಬರೆಯಿರಿ. ಬರೆಯುವ ಮುಂಚೆ ವಾರಗಳ ಲೆಕ್ಕವನ್ನು ಆ ಹಿರಿಯರ ಜೊತೆ ಕೂತು ಹಾಕಿ. ಕಳಿಸುವಾಗ ತಂಡದವರನ್ನೂ ಸಿಸಿಯಲ್ಲಿ ಹಾಕಿ.

— ಸಂ.