ಮನೆಮಾತು ಕನ್ನಡ, ಇಂಗ್ಲಿಷ್ ತಡವರಿಸುತ್ತೆ. ಶಾಲೆಯ ಡಿಬೇಟ್ ಟೀಮಿಗೆ ಸೇರಬಹುದಾ?

ಸೇರು. ಒಂಬತ್ತನೇ ಕ್ಲಾಸು ಅಂದಿದ್ದೀಯ, ಅದಕ್ಕೇ ನೀನು ಅಂತಲೇ ಬರೆಯುತ್ತಿದ್ದೇನೆ. ಮನೆಯಲ್ಲಿ ಕನ್ನಡ, ಬಿಲ್ಡಿಂಗಿನಲ್ಲಿ ಮರಾಠಿ, ರಸ್ತೆಯಲ್ಲಿ ಹಿಂದಿ, ಇಂಗ್ಲಿಷ್ ಮಾತ್ರ ಶಾಲೆಯಲ್ಲಿ, ಅದೂ ತಡವರಿಸಿಕೊಂಡು, ಹೀಗಿರುವಾಗ ಶುಕ್ರವಾರದ ಟ್ರಯಲ್‌ಗೆ ಹೋದರೆ ನಗುತ್ತಾರಾ ಅಂತ ಕೇಳಿದ್ದೀಯ. ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಬೆಳೆದವನು, ಅಪ್ಪ ಹೋಟೆಲಿನಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದರು. ಇದೇ ಭಯ ನನಗೂ ಇತ್ತು. ನಕ್ಕರು ಕೂಡ. ಆದರೆ ನಕ್ಕಿದ್ದು ನನ್ನ ಇಂಗ್ಲಿಷಿಗಲ್ಲ.

ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಎಲೊಕ್ಯೂಷನ್ ಮಾತ್ರ. ಟೀಚರ್ ಬರೆದುಕೊಡುವುದು, ನಾವು ಉರು ಹೊಡೆದು ಕೈ ಆಡಿಸಿ ಒಪ್ಪಿಸುವುದು. ಟ್ರಯಲ್‌ನಲ್ಲಿ ಕೊಟ್ಟ ವಿಷಯ, ಶಾಲೆಗೆ ಮೊಬೈಲ್ ತರಲು ಬಿಡಬೇಕು. ನಾನು ವಿರೋಧ. ಮಕ್ಕಳು ಕ್ಲಾಸಿನಲ್ಲಿ ಗೇಮ್ ಆಡುತ್ತಾರೆ ಅಂತ ಎರಡು ಪುಟ ಬಾಯಿಪಾಠ ಮಾಡಿಕೊಂಡು ಹೋದೆ. ನನಗಿಂತ ಮೊದಲು ಎದ್ದ ಹುಡುಗಿ, ಕ್ಲಾಸಿನಲ್ಲಿ ಮುಟ್ಟುವುದೇ ಬೇಡ, ಆಫ್ ಮಾಡಿ ಬ್ಯಾಗಿನಲ್ಲಿರಲಿ, ಮಳೆಗೆ ಲೋಕಲ್ ಟ್ರೇನ್ ನಿಂತರೆ ಮನೆಗೆ ಫೋನ್ ಮಾಡುವುದಕ್ಕಾದರೂ ಬೇಕಲ್ವಾ ಅಂದಳು. ನಾನು ಎದ್ದು ನಿಂತು ಅದೇ ಗೇಮಿನ ಕಥೆಯನ್ನು ಪೂರ್ತಿ ಒಪ್ಪಿಸಿದೆ. ಆಗ ಎಲ್ಲರೂ ನಕ್ಕರು. ನಗಬೇಕಾದ್ದೇ.

ರಾತ್ರಿ ಅಪ್ಪನಿಗೆ ಹೇಳಿದರೆ ಅವರು ಕೇಳಿದ್ದು ಒಂದೇ: ನೀನು ತಾಳಮದ್ದಲೆಯಲ್ಲಿ ನಿದ್ದೆ ಮಾಡ್ತಿದ್ಯಾ? ಮಳೆಗಾಲದಲ್ಲಿ ಊರಿನ ಕಲಾವಿದರು ಮುಂಬೈಗೆ ಬಂದಾಗ ಅಪ್ಪ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ತಾಳಮದ್ದಲೆಯೂ ಯಕ್ಷಗಾನವೇ, ಆದರೆ ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳಿದ ಮೇಲೆ ಕೂತಲ್ಲೇ ಮಾತು. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ, ಮರೆಯಲ್ಲಿ ನಿಂತು ಹೊಡೆದೆಯಲ್ಲ, ಇದು ಯಾವ ಧರ್ಮ? ವಾಲಿಯ ಅರ್ಥ ಹೇಳುವವರು ಇವತ್ತು ಹೇಗೆ ಕೇಳುತ್ತಾರೆ ಅಂತ ರಾಮನಿಗೆ ಮೊದಲೇ ಗೊತ್ತಿರುವುದಿಲ್ಲ. ಕಿವಿಗೊಟ್ಟು ಕೇಳಿ, ಆ ಮಾತಿಗೇ ಉತ್ತರ ಕೊಡಬೇಕು. ಇವತ್ತು ವಾಲಿ ಆದವರು ಮುಂದಿನ ವಾರ ರಾಮ ಆಗಿರುತ್ತಾರೆ. ಡಿಬೇಟ್ ಅಂದರೆ ಇದೇ ನೋಡು, ಬರೀ ಚೆಂಡೆ ಮದ್ದಳೆ ಇಲ್ಲ ಅಷ್ಟೇ.

ನಿನ್ನ ಶಾಲೆಯಲ್ಲಿ ಯಾವ ಪದ್ಧತಿ ಅಂತ ಮೊದಲು ಕೇಳಿಕೊ. ಶಾಲೆಗಳ ನಡುವೆ ಜಾಸ್ತಿ ಬಳಸುವ ಪದ್ಧತಿಗಳಲ್ಲಿ ವರ್ಲ್ಡ್ ಸ್ಕೂಲ್ಸ್ ಒಂದು. ಪ್ರತಿ ಕಡೆ ಮೂರು ಜನ, ಒಬ್ಬೊಬ್ಬರಿಗೆ 8 ನಿಮಿಷ, ಕೊನೆಗೆ ಎರಡೂ ಕಡೆಯಿಂದ 4 ನಿಮಿಷದ ಮರುಮಾತು. 8 ನಿಮಿಷದ ಮಾತಿನಲ್ಲಿ ಮೊದಲ ಮತ್ತು ಕೊನೆಯ ನಿಮಿಷ ಬಿಟ್ಟು ಮಧ್ಯದಲ್ಲಿ ಎದುರಿನವರು ಎದ್ದು ಪ್ರಶ್ನೆ ಕೇಳಬಹುದು, ಬೇಕಾದರೆ ತೆಗೆದುಕೊ, ಬೇಡವಾದರೆ ಕೂರಿಸು, ಆದರೆ ಒಂದೂ ತೆಗೆದುಕೊಳ್ಳದಿದ್ದರೆ ಹೆದರಿದಳು ಅಂತಲೇ ಲೆಕ್ಕ. ಕೆಲವು ವಿಷಯ ಮೊದಲೇ ತಿಳಿಸುತ್ತಾರೆ, ಕೆಲವಕ್ಕೆ ಒಂದೇ ಗಂಟೆ ತಯಾರಿ. ನಿನ್ನ ಭಯಕ್ಕೆ ಉತ್ತರ ಇರುವುದು ಅಂಕದಲ್ಲಿ. 100ರಲ್ಲಿ ಮಾತಾಡುವ ಶೈಲಿಗೆ 40, ವಿಷಯಕ್ಕೆ 40, ತಂತ್ರಕ್ಕೆ 20. ಶೈಲಿ ಅಂದರೂ ಬಾಂದ್ರಾದ ಸಿರಿವಂತರ ಉಚ್ಚಾರ ಅಲ್ಲ, ಕೇಳುವವರಿಗೆ ಅರ್ಥವಾಗುವಂತೆ ಹೇಳಿದರೆ ಸಾಕು. ಆದರೆ ಸುಳ್ಳು ಹೇಳುವುದಿಲ್ಲ, ಕೆಲವು ತೀರ್ಪುಗಾರರು ನುಣ್ಣನೆಯ ಇಂಗ್ಲಿಷಿಗೆ ಬಿದ್ದುಬಿಡುತ್ತಾರೆ. ನಾನು ಹಾಗೆ ಸೋತಿದ್ದೇನೆ, ಇವತ್ತಿಗೂ ಸಿಟ್ಟು ಬರುತ್ತೆ.

ಉರು ಹೊಡೆಯಬೇಡ. ಒಂದು ಹಾಳೆ ಮಡಚಿ ಎಡಕ್ಕೆ ಅವರು ಹೇಳಿದ್ದು, ಬಲಕ್ಕೆ ನಿನ್ನ ಉತ್ತರ, ಬರೀ ನಾಲ್ಕೈದು ಶಬ್ದ. ಯೋಚನೆ ಕನ್ನಡದಲ್ಲಿ ಬಂದರೆ ಕನ್ನಡದಲ್ಲೇ ಬರೆದುಕೊ, ನಿನ್ನ ಹಾಳೆಯನ್ನು ಯಾರೂ ನೋಡುವುದಿಲ್ಲ. ಟ್ರಯಲ್‌ನಲ್ಲಿ ಆಯ್ಕೆ ಆಗದಿದ್ದರೆ ಟೈಮ್ ನೋಡುವ ಕೆಲಸವಾದರೂ ಕೊಡಿ ಅಂತ ಕೇಳು. ಆರು ತಿಂಗಳು ನಾನು ಗಂಟೆ ಬಾರಿಸಿಕೊಂಡೇ ಕೂತಿದ್ದೆ, ಬೇರೆಯವರು ಎಲ್ಲಿ ಎಡವುತ್ತಾರೆ ಅಂತ ಪುಕ್ಕಟೆಯಾಗಿ ಕಲಿತೆ. ಮುಂದಿನ ವರ್ಷ ಹತ್ತನೇ ಕ್ಲಾಸು, ಮನೆಯಲ್ಲಿ ಬಿಡುವುದು ಕಷ್ಟ, ಹಾಗಾಗಿ ಈ ವರ್ಷವೇ ಸೇರು.

ಶುಕ್ರವಾರದ ಒಳಗೆ ಮನೆಯಲ್ಲಿ ಒಂದು ಸಲ ಆಡಿ ನೋಡು. ಲೋಕಲ್‌ನಲ್ಲಿ ಫಸ್ಟ್ ಕ್ಲಾಸ್ ಡಬ್ಬಿ ಇರಬೇಕಾ ಬೇಡವಾ, ಇಷ್ಟೇ ವಿಷಯ. ಮೊದಲು ಬೇಡ ಅಂತ ಮಾತಾಡು, ಅಪ್ಪ ಬೇಕು ಅನ್ನಲಿ. ಊಟ ಮುಗಿದ ಮೇಲೆ ಕಡೆ ಬದಲಾಯಿಸಿ.